ಮುಳುಗು ಸಾಧನಗಳು: ಬಾವಡಿಯ ಬುರುಡೆಯಿಂದ ಸ್ಕೂಬಾವರೆಗೆ

ನೀರಿಗಿಳಿಯುವವರು ಕಟ್ಟಿಕೊಂಡ, ತೊಟ್ಟ, ಬಾಯಿಗಿಟ್ಟ ಸಾಧನಗಳಿಗೆ ಒಂದು ಚರಿತ್ರೆಯಿದೆ. ಪಕ್ಕದಲ್ಲಿದ್ದ ಈಜುಗಾರರು ಅವನ್ನು ಕಂಡು ನಕ್ಕದ್ದಕ್ಕೆ, ಬೈದದ್ದಕ್ಕೆ, ನಿಷೇಧಿಸಿದ್ದಕ್ಕೆ, ಕೊನೆಗೆ ತಾವೂ ಕಟ್ಟಿಕೊಂಡದ್ದಕ್ಕೆ ಇನ್ನೊಂದು ಚರಿತ್ರೆಯಿದೆ. ಈ ಲೇಖನ ಎರಡನೆಯದನ್ನು ಕುರಿತದ್ದು. ಇಂದು ಸ್ಕೂಬಾ ಮುಳುಗುಗಾರರು ಕಡ್ಡಾಯವೆನ್ನುವ ಹಲವು ಸಾಧನಗಳು ಮೊದಲಿಗೆ ತಿರಸ್ಕಾರಕ್ಕೊಳಗಾದವೇ. ಹಾಗೆಂದು ತಿರಸ್ಕಾರಕ್ಕೊಳಗಾದುದೆಲ್ಲ ಒಳ್ಳೆಯದೆಂದಲ್ಲ. ಕೆಲವಕ್ಕೆ ಬಂದ ವಿರೋಧ ಪೂರ್ತಿ ನ್ಯಾಯವಾದದ್ದು. ಎರಡನ್ನೂ ಬೇರ್ಪಡಿಸುವ ಪರೀಕ್ಷೆ ಒಂದೇ: ಇಳಿದವನನ್ನು ಆ ಸಾಧನ ಜೀವಸಹಿತ ಮೇಲೆ ತರುತ್ತದೆಯೇ?

ವಿಜಯಪುರ ಕಡಲಿಲ್ಲದ, ಮಳೆ ಕಡಿಮೆಯ ಜಿಲ್ಲೆ. ಆದರೂ ಇಲ್ಲಿ ಆಳದ ನೀರಿನ ಪರಿಚಯ ಹಳೆಯದು. ಆದಿಲಶಾಹಿ ಅರಸರು ನಗರಕ್ಕೆ ನೀರು ತರಲು ತೊರವಿಯ ಕಡೆಯಿಂದ ಸುರಂಗ ತೋಡಿಸಿದರು, ಬೇಗಂ ತಾಲಾಬಿನಿಂದ ಮಣ್ಣಿನ ಕೊಳವೆ ಹಾಕಿಸಿದರು, ಬಾವಡಿಗಳನ್ನು ಕಟ್ಟಿಸಿದರು. ಎರಡನೆಯ ಇಬ್ರಾಹಿಂ ಆದಿಲ್ ಶಾಹನ ರಾಣಿ ತಾಜ್ ಸುಲ್ತಾನಾಳ ಹೆಸರಿನ ತಾಜ್ ಬಾವಡಿ 1620ರ ಸುಮಾರಿಗೆ ಮಲಿಕ್ ಸಂದಲ್‌ನ ಉಸ್ತುವಾರಿಯಲ್ಲಿ ಎದ್ದಿತು. ಅದರ ಕೊಳ ಒಂದೊಂದು ಬದಿಗೆ ಸುಮಾರು 223 ಅಡಿ, ಆಳ 52 ಅಡಿ. ಅದು ತುಂಬಿದ್ದಾಗ ತಳ ಮುಟ್ಟುವವನ ಮೈಮೇಲೆ ಬೀಳುವ ಒತ್ತಡ ದಡದ ಮೇಲಿನದರ ಎರಡೂವರೆ ಪಟ್ಟು. ಚಾಂದ್ ಬಾವಡಿ ಅದಕ್ಕಿಂತ ಹಳೆಯದು. ಬಬಲೇಶ್ವರದ ಕಡೆಯ ಮಮದಾಪುರದಲ್ಲಿ ಮುಹಮ್ಮದ್ ಆದಿಲ್ ಶಾಹ 17ನೆಯ ಶತಮಾನದಲ್ಲಿ ದೊಡ್ಡ ಕೆರೆ ಕಟ್ಟಿಸಿದ. ಇವೆಲ್ಲ ಅರಸೊತ್ತಿಗೆಯ ಕೆಲಸ. ಹಳ್ಳಿಯ ಹುಡುಗರು ಈಸು ಕಲಿತದ್ದು ಮಾತ್ರ ಹೊಲದ ಬಾವಿಯಲ್ಲಿ, ಕರಿಕಲ್ಲಿನ ಪಾವಟಿಗೆಗಳಿದ್ದ ತೆರೆದ ಬಾವಿಯಲ್ಲಿ.

ಅಲ್ಲಿನ ಮೊದಲ ಸಾಧನ ಸೋರೆ ಬುರುಡೆ. ಬಲಿತ ಕಾಯಿಯನ್ನು ಒಡೆಯದೆ, ತೂತು ಮಾಡದೆ, ಒಳಗಿನ ಬೀಜ ಗಲಗಲ ಎನ್ನುವವರೆಗೆ ಒಣಗಿಸುತ್ತಿದ್ದರು. ಹಗ್ಗದಲ್ಲಿ ಬಿಗಿದು ಮಗುವಿನ ಬೆನ್ನಿಗೆ, ಹೆಗಲೆಲುಬಿನ ನಡುವೆ ಬರುವಂತೆ ಕಟ್ಟುತ್ತಿದ್ದರು. ನೀರಲ್ಲಿ ಅದುಮಿ ಹಿಡಿದಾಗ ಗುಳ್ಳೆ ಎದ್ದರೆ ಬುರುಡೆ ಬಿರಿದಿದೆ ಎಂದರ್ಥ, ಅದನ್ನು ಎಸೆಯಬೇಕು. ಒಂದು ಲೀಟರ್ ನೀರನ್ನು ಪಕ್ಕಕ್ಕೆ ತಳ್ಳುವ ಬುರುಡೆ ಹೆಚ್ಚುಕಡಿಮೆ ಒಂದು ಕಿಲೋ ಭಾರವನ್ನು ಎತ್ತಿಹಿಡಿಯುತ್ತದೆ. ತಲೆಯೊಂದನ್ನು ನೀರಿನ ಮೇಲಿಡಲು ಅಂಥ ಮೂರ್ನಾಲ್ಕು ಸಾಕು. ಬುರುಡೆ ಸಿಗದ ಕಡೆ ಕತ್ತಾಳೆಯ ಬೆಂಡು. ಹುಡುಗ ಕೈಕಾಲು ಬಡಿಯುವುದನ್ನು ಕಲಿತಂತೆ ಕಟ್ಟಿನಿಂದ ಒಂದೊಂದೇ ಬೆಂಡು ತೆಗೆಯುತ್ತ ಹೋಗುವುದು ಕಲಿಸುವ ಕ್ರಮ. ಆ ಕ್ರಮದ ಜಾಣತನ ದೊಡ್ಡದು: ಕಲಿಯುವವನಿಗೆ ಗೊತ್ತಾಗದ ಹಾಗೆ ಆಸರೆ ಕಡಿಮೆಯಾಗುತ್ತದೆ.

ಬುರುಡೆಗೆ ಬಾವಿಕಟ್ಟೆಯಲ್ಲಿ ಮರ್ಯಾದೆ ಇರಲಿಲ್ಲ. ಅದನ್ನು ಕಟ್ಟಿಕೊಂಡವನು ಇನ್ನೂ ಕೂಸು. “ತಮ್ಮಾ, ಬುರಡಿ ಬಿಟ್ಟು ಈಸು” ಎಂದು ದಡದಿಂದ ಕೂಗುವುದು ವಾಡಿಕೆ. ಮುಂದೆ ಎಣ್ಣೆಯ ಡಬ್ಬಿ, ಲಾರಿಯ ಟ್ಯೂಬ್, ಪ್ಲಾಸ್ಟಿಕ್ ಕ್ಯಾನು ಬಂದಾಗ ಬುರುಡೆಯಲ್ಲಿ ಕಲಿತ ಹಿರಿಯರೇ ಅವನ್ನು ಕಂಡು ಮೂಗು ಮುರಿದರು. ಅವರ ಮಾತಿನಲ್ಲಿ ಹಟ ಇತ್ತು, ವಿವೇಕವೂ ಇತ್ತು. ಟ್ಯೂಬಿನೊಳಗಿಂದ ಮಗು ಜಾರಿ ಕೆಳಗಿಳಿಯಬಹುದು. ಸೊಂಟಕ್ಕೆ ಕಟ್ಟಿದ ಕ್ಯಾನು ಸೊಂಟವನ್ನು ಎತ್ತಿ ತಲೆಯನ್ನು ಕೆಳಗೆ ಮಾಡಬಹುದು. ಬೆನ್ನಿನ ಮೇಲೆ ಕೂರುವ ಬುರುಡೆಗೆ ಈ ಎರಡೂ ದೋಷಗಳಿಲ್ಲ.

ಮುಳುಗುವುದು ಆಟ ಮಾತ್ರವಲ್ಲ, ದುಡಿಮೆಯೂ ಹೌದು. ಪಂಪುಸೆಟ್ಟು ಬಂದ ಮೇಲೆ ಫುಟ್‌ವಾಲ್ವಿಗೆ ಕಸ ಸಿಕ್ಕಿಕೊಂಡರೆ ಯಾರಾದರೂ ಉಸಿರು ಕಟ್ಟಿ ತಳಕ್ಕಿಳಿಯಲೇಬೇಕಾಯಿತು. ಬಾವಿಗೆ ಬಿದ್ದ ಕೊಡಕ್ಕೆ ಪಾತಾಳಗರಡಿ ಇತ್ತು: ಹಲವು ಕೊಕ್ಕೆಗಳ ಕಬ್ಬಿಣದ ಗೊಂಚಲು, ಹಗ್ಗದ ತುದಿಗೆ ಕಟ್ಟಿ ತಳ ಕೆದಕುವುದು. ಅದಕ್ಕೂ ಸಿಗದ್ದನ್ನು ಮುಳುಗುವವನೇ ತರಬೇಕು. ಹೂಳು ತುಂಬಿದ ಹಳೆಯ ಬಾವಿಗೆ ಇಳಿಯುವ ಮುನ್ನ ಉರಿಯುವ ದೀಪ ಇಳಿಬಿಟ್ಟು ನೋಡುವ ರೂಢಿಯೂ ಇತ್ತು. ದೀಪ ಆರಿದರೆ ಕೆಳಗೆ ಉಸಿರಾಡುವ ಗಾಳಿಯಿಲ್ಲ.

ಕನ್ನಡ ಕಾವ್ಯದಲ್ಲಿ ನೀರೊಳಗಿನ ವಾಸದ ಪ್ರಸಿದ್ಧ ಪ್ರಸಂಗವೂ ಈ ಸೀಮೆಯ ಕವಿಯದೇ. ಹಿಂದಿನ ವಿಜಾಪುರ ಜಿಲ್ಲೆಯ, ಈಗ ಬಾಗಲಕೋಟೆಗೆ ಸೇರಿದ ಮುಧೋಳದ ರನ್ನ 10ನೆಯ ಶತಮಾನದವನು. ಅವನ ‘ಸಾಹಸಭೀಮವಿಜಯ’ದಲ್ಲಿ ದುರ್ಯೋಧನ ಜಲಮಂತ್ರದ ಬಲದಿಂದ ವೈಶಂಪಾಯನ ಸರೋವರದಲ್ಲಿ ಅಡಗುತ್ತಾನೆ, ಭೀಮನ ಮೂದಲಿಕೆ ತಾಳಲಾರದೆ ಹೊರಬರುತ್ತಾನೆ. ಮುಳುಗುವವನನ್ನು ದಡದವನು ಹಂಗಿಸುವುದಕ್ಕೆ ನಮ್ಮಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ. ಬೇರೆ ನಾಡುಗಳಲ್ಲಿ ಕುರುಹುಗಳು ಇನ್ನೂ ಹಳೆಯವು. ನಿಮ್ರೂದ್ ಅರಮನೆಯ ಕ್ರಿ.ಪೂ. 9ನೆಯ ಶತಮಾನದ ಅಸ್ಸೀರಿಯನ್ ಉಬ್ಬುಶಿಲ್ಪದಲ್ಲಿ ಗಾಳಿ ತುಂಬಿದ ಆಡಿನ ಚರ್ಮ ತಬ್ಬಿ ನದಿ ದಾಟುವವರಿದ್ದಾರೆ. ಅದನ್ನು ನೀರೊಳಗೆ ಉಸಿರಾಡುವ ಸಾಧನವೆಂದು ಹಲವರು ತಿಳಿದಿದ್ದರು. ನಿಜಕ್ಕೂ ಅದು ಬುರುಡೆಯಂತೆ ತೇಲಲು ಹಿಡಿದ ಆಸರೆ.

ಆಧುನಿಕ ಸ್ಕೂಬಾದ ಹುಟ್ಟೇ ಅಡ್ಡದಾರಿಯ ಜೋಡಣೆಗಳಿಂದ. 1930ರ ದಶಕದಲ್ಲಿ ಫ್ರಾನ್ಸಿನ ದಕ್ಷಿಣ ತೀರದಲ್ಲಿ ಅಮೆರಿಕದ ಲೇಖಕ ಗೈ ಗಿಲ್‌ಪ್ಯಾಟ್ರಿಕ್ ವಿಮಾನ ಚಾಲಕರ ಕನ್ನಡಕದ ಸಂದಿಗಳಿಗೆ ಪುಟ್ಟಿ ಮೆತ್ತಿ ನೀರಿಗಿಳಿದ. 1933ರಲ್ಲಿ ಲೂಯಿ ದ ಕೊರ್ಲ್ಯು ರಬ್ಬರಿನ ಕಾಲುರೆಕ್ಕೆಗೆ ಪೇಟೆಂಟ್ ಪಡೆದ. 1943ರಲ್ಲಿ ಜಾಕ್ ಕುಸ್ತೊ ಮತ್ತು ಎಮಿಲ್ ಗಾನ್ಯಾನ್ ರೂಪಿಸಿದ, ನೀರೊಳಗೆ ಉಸಿರಾಡುವ ಸಾಧನ ‘ಅಕ್ವಾಲಂಗ್’ನ ಹೃದಯ, ಯುದ್ಧಕಾಲದಲ್ಲಿ ಪೆಟ್ರೋಲ್ ಇಲ್ಲದೆ ಅನಿಲದ ಮೇಲೆ ಓಡಿಸುತ್ತಿದ್ದ ಮೋಟಾರುಗಳ ಕವಾಟ. ಮಾರ್ನ್ ನದಿಯಲ್ಲಿ ಮೊದಲ ಪ್ರಯೋಗ ಕೈಕೊಟ್ಟಿತು: ನೆಟ್ಟಗೆ ನಿಂತರೆ ಗಾಳಿ ಸುಮ್ಮನೆ ಸೋರುತ್ತಿತ್ತು, ತಲೆಕೆಳಗಾದರೆ ಸಾಲುತ್ತಿರಲಿಲ್ಲ. ಉಸಿರು ಹೊರಹೋಗುವ ದಾರಿಯನ್ನೂ ಗಾಳಿ ಬರುವ ಕವಾಟವನ್ನೂ ಒಂದೇ ಮಟ್ಟಕ್ಕೆ ತಂದಾಗ ದೋಷ ನೀಗಿತು.

ಮುಂದಿನ ಜಗಳಗಳು ಈ ಅಕ್ವಾಲಂಗಿನ ಮಕ್ಕಳ ನಡುವಿನವು. 1961ರಲ್ಲಿ ಫ್ರಾನ್ಸಿನ ಮೊರೀಸ್ ಫೆಂಜಿ ತೇಲುವುದನ್ನು ಹೊಂದಿಸಲು ಕುತ್ತಿಗೆಗೆ ಹಾಕುವ ಗಾಳಿಚೀಲ ತಂದ. ಸರಿಯಾಗಿ ಭಾರ ಕಟ್ಟಿಕೊಳ್ಳಬಲ್ಲವನಿಗೆ ಚೀಲವೇಕೆ ಎಂಬುದು ಹಳಬರ ಪ್ರಶ್ನೆ. ಬಾವಿಕಟ್ಟೆಯ ಹಿರಿಯರು ಬುರುಡೆಯ ಬಗ್ಗೆ ಕೇಳಿದ್ದೂ ಇದನ್ನೇ. ಈಗ ಗಾಳಿಜಾಕೀಟಿಲ್ಲದೆ ಯಾವ ತರಬೇತುದಾರನೂ ಶಿಷ್ಯನನ್ನು ನೀರಿಗಿಳಿಸುವುದಿಲ್ಲ. ಹಾಗೆಯೇ ಎರಡನೆಯ ಬಾಯಿತುಂಡು. ಗಾಳಿ ತೀರಿದ ಜೊತೆಗಾರನಿಗೆ ತನ್ನ ಬಾಯಿಯದನ್ನೇ ಕೊಟ್ಟು ಸರದಿಯಂತೆ ಉಸಿರಾಡುವುದು ಮೊದಲಿನ ಪದ್ಧತಿ; 1960ರ ದಶಕದಲ್ಲಿ ಇನ್ನೊಂದು ಬಾಯಿತುಂಡನ್ನು ತೂಗಿಸಿಕೊಂಡವರು ಅತಿ ಎಚ್ಚರಿಕೆಯವರಂತೆ ಕಂಡರು. ಫ್ಲಾರಿಡಾದ ಗುಹೆ ಮುಳುಗುಗಾರರು ಅದಕ್ಕೆ ಏಳಡಿ ಉದ್ದದ ಕೊಳವೆ ಜೋಡಿಸಿದರು. ಇಕ್ಕಟ್ಟಿನಲ್ಲಿ ಒಬ್ಬರ ಹಿಂದೊಬ್ಬರು ಹೋಗುವಾಗ ಅಷ್ಟುದ್ದ ಬೇಕೇ ಬೇಕು.

ಎಲ್ಲಕ್ಕಿಂತ ಕಹಿಯಾದ ಜಗಳ ನೈಟ್ರಾಕ್ಸ್‌ನದು. ನಮ್ಮ ಪತ್ರಿಕೆಗಳು ‘ಆಕ್ಸಿಜನ್ ಸಿಲಿಂಡರ್’ ಎಂದು ಬರೆದರೂ ಸಾಮಾನ್ಯ ಸ್ಕೂಬಾ ಸಿಲಿಂಡರಿನಲ್ಲಿರುವುದು ಒತ್ತಿ ತುಂಬಿದ ಗಾಳಿ, ಅಂದರೆ ಶೇ. 21ರಷ್ಟು ಆಮ್ಲಜನಕ, ಉಳಿದದ್ದು ಬಹುತೇಕ ಸಾರಜನಕ. ಆಳದಲ್ಲಿ ಸಾರಜನಕ ರಕ್ತದಲ್ಲೂ ಊತಕಗಳಲ್ಲೂ ಕರಗುತ್ತದೆ. ಬೇಗ ಮೇಲೆ ಬಂದರೆ ಗುಳ್ಳೆಗಟ್ಟಿ ಕೀಲುನೋವಿನಿಂದ ಪಾರ್ಶ್ವವಾಯುವರೆಗೆ ಏನನ್ನೂ ತರಬಹುದು. ಆಮ್ಲಜನಕವನ್ನು ಶೇ. 32ಕ್ಕೆ ಏರಿಸಿ ಸಾರಜನಕ ತಗ್ಗಿಸಿದ ಮಿಶ್ರಣವೇ ನೈಟ್ರಾಕ್ಸ್; ಅದರಿಂದ ಅದೇ ಆಳದಲ್ಲಿ ಹೆಚ್ಚು ಹೊತ್ತು ಇರಬಹುದು. ಅಮೆರಿಕದ ಸಾಗರ ಸಂಸ್ಥೆ ‘ನೋವಾ’ದಲ್ಲಿ ಮಾರ್ಗನ್ ವೆಲ್ಸ್ 1970ರ ದಶಕದಲ್ಲಿ ಇದನ್ನು ವಿಜ್ಞಾನಿಗಳಿಗೆ ಬಳಕೆಗೆ ತಂದರು, ಡಿಕ್ ರುಟ್ಕೋವ್ಸ್ಕಿ 1985ರಲ್ಲಿ ಹವ್ಯಾಸಿಗಳಿಗೆ ಕಲಿಸತೊಡಗಿದರು. ಆಗ ಎದ್ದಿತು ಗದ್ದಲ. ಅದಕ್ಕೆ ದೆವ್ವದ ಅನಿಲವೆಂಬ ಹೆಸರಿಟ್ಟರು. 1992ರ ಹೂಸ್ಟನ್ ಮುಳುಗು ಸಾಧನಗಳ ಮೇಳದಿಂದ ನೈಟ್ರಾಕ್ಸ್‌ನವರನ್ನು ಹೊರಗಿಡುವ ಪ್ರಯತ್ನವೂ ನಡೆಯಿತು. ವಿರೋಧಿಗಳ ಭಯದಲ್ಲಿ ತಿರುಳಿಲ್ಲದಿರಲಿಲ್ಲ: ಶೇ. 32ರ ಮಿಶ್ರಣವನ್ನು ಸುಮಾರು 34 ಮೀಟರಿಗಿಂತ ಆಳಕ್ಕೆ ಒಯ್ದರೆ ಆಮ್ಲಜನಕವೇ ವಿಷವಾಗಿ ಸೆಳವು ಬರಬಹುದು. ಶುದ್ಧ ಆಮ್ಲಜನಕಕ್ಕೆ 6 ಮೀಟರೇ ಗಡಿ. ಉತ್ತರವಾಗಿ ಬಂದದ್ದು ನಿಷೇಧವಲ್ಲ, ತರಬೇತಿ ಮತ್ತು ಪ್ರತಿ ಸಿಲಿಂಡರನ್ನೂ ಅಳೆದು ಗುರುತು ಬರೆಯುವ ನಿಯಮ. 1990ರ ದಶಕದ ನಡುವಿನ ಹೊತ್ತಿಗೆ ದೊಡ್ಡ ತರಬೇತಿ ಸಂಸ್ಥೆಗಳೇ ಅದನ್ನು ಕಲಿಸತೊಡಗಿದವು.

ಅದೇ ದಶಕದಲ್ಲಿ ಫ್ಲಾರಿಡಾದ ಗುಹೆಗಳಲ್ಲಿ ಜಾರ್ಜ್ ಅರ್ವಿನ್ ಮುಂದಾಳತ್ವದ ತಂಡ ಎಲ್ಲರ ಸಜ್ಜೂ ಒಂದೇ ರೀತಿ ಇರಬೇಕೆಂದು ಹಟ ಹಿಡಿಯಿತು. ಬೇರೆ ರೀತಿ ಕಟ್ಟಿಕೊಂಡವರಿಗೆ ಹೀನಾಯದ ಅಡ್ಡಹೆಸರು ಬಿತ್ತು. ಕತ್ತಲಲ್ಲಿ ಜೊತೆಗಾರನ ಕೊಳವೆ ಎಲ್ಲಿದೆಯೆಂದು ಕೈಗೆ ಗೊತ್ತಿರಬೇಕೆಂಬ ವಾದ ಸರಿ. ಹೀನಾಯದ ಮಾತು ಮಾತ್ರ ಯಾರ ಜೀವವನ್ನೂ ಉಳಿಸಲಿಲ್ಲ. ಸಿಲಿಂಡರನ್ನು ಪಕ್ಕೆಗೆ ಕಟ್ಟುವ ಬ್ರಿಟಿಷ್ ಗುಹೆಗಾರರ ಪದ್ಧತಿಯನ್ನು ದೀರ್ಘಕಾಲ ವಿಚಿತ್ರವೆಂದೇ ನೋಡಿದರು. ಬೆನ್ನುನೋವಿನವರಿಗೆ ಅದೇ ಅನುಕೂಲವೆಂದು ಈಗ ಕಡಲಲ್ಲೂ ಬಳಸುತ್ತಾರೆ.

ಒಪ್ಪಲೇಬಾರದ ಸಾಧನಗಳೂ ಇವೆ. ಟೈರಿಗೆ ಗಾಳಿ ತುಂಬುವಂಥ ಕಂಪ್ರೆಸರಿಗೆ ಉದ್ದದ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ ಬಾಯಲ್ಲಿ ಕಚ್ಚಿ ಮುಳುಗುವುದು ಫಿಲಿಪ್ಪೀನ್ಸ್ ಮೊದಲಾದ ಕಡೆ ಬಡ ಮೀನುಗಾರರ ದುಡಿಮೆಯಾಗಿದೆ. ಎಂಜಿನ್ನಿನ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಕೊಳವೆಯೊಳಗೆ ಸೇರಬಹುದು, ಯಂತ್ರ ನಿಂತರೆ ಉಸಿರೂ ನಿಲ್ಲುತ್ತದೆ. ಇದನ್ನು ಕಂಡು ತಡೆಯುವವನನ್ನು ಸಂಪ್ರದಾಯವಾದಿ ಎನ್ನಲಾಗದು.

ಕರ್ನಾಟಕದಲ್ಲಿ ಸ್ಕೂಬಾಕ್ಕೆ ಹೆಸರಾದ ಸ್ಥಳ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ನಡುಗಡ್ಡೆ. ಅಲ್ಲಿ ಹೊಸಬರು ತರಬೇತುದಾರರ ಕೈ ಹಿಡಿದೇ ಇಳಿಯುತ್ತಾರೆ. ಬೇರೆ ಬಗೆಯ ಮುಳುಗು 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ನಾಡಿಗೆ ಕಂಡಿತು. ಗಂಗಾವಳಿ ನದಿಯ ಸೆಳೆತ ಮಿತಿ ಮೀರಿದಾಗ ನೌಕಾಪಡೆಯ ಮುಳುಗುಗಾರರು ತಡೆದು ಕಾದರು. ಸ್ವಯಂಸೇವಕ ಮುಳುಗು ತಜ್ಞ ಈಶ್ವರ ಮಲ್ಪೆ ತಮ್ಮ ತಂಡದೊಡನೆ ಹಗ್ಗದ ಆಸರೆಯಲ್ಲಿ ಇಳಿದರು, ಒಮ್ಮೆ ಪ್ರವಾಹಕ್ಕೆ ಸಿಕ್ಕಿ ಪಾರಾದರು. ಜನ ಧೈರ್ಯವನ್ನು ಮೆಚ್ಚಿದರು. ಮೆಚ್ಚಬೇಕಾದದ್ದೇ. ನೀರಿನ ವೇಗ ಅಳೆದು ಕಾಯುವುದೂ ಅಷ್ಟೇ ಗಟ್ಟಿಯಾದ ವಿದ್ಯೆ. ಕುಸಿತದಲ್ಲಿ ನದಿಪಾಲಾಗಿ ಎಲ್ಲರೂ ಹುಡುಕುತ್ತಿದ್ದ ಲಾರಿ ಕೊನೆಗೆ ಸೆಪ್ಟೆಂಬರ್ 25ರಂದು, ಹೂಳೆತ್ತುವ ಯಂತ್ರ ಬಂದ ಮೇಲೆ ಸಿಕ್ಕಿತು.

ಮತ್ತೆ ವಿಜಯಪುರ ಜಿಲ್ಲೆಗೆ ಬಂದರೆ, ಟಿಕೋಟಾ, ಬಬಲೇಶ್ವರದ ಕಡೆ ಈಗ ಕೊಳವೆಬಾವಿ, ಹನಿ ನೀರಾವರಿ, ಏತ ನೀರಾವರಿಯ ಕಾಲುವೆಗಳ ಕಾಲ. ತೆರೆದ ಬಾವಿಗಳಲ್ಲಿ ಹೂಳು ತುಂಬಿದೆ, ಬುರುಡೆ ಒಣಗಿಸುವವರು ಅಪರೂಪ. ಆದರೆ ಬೇಸಿಗೆ ರಜೆಯಲ್ಲಿ ಕೃಷಿ ಹೊಂಡಕ್ಕೂ ಕಾಲುವೆಗೂ ಮಕ್ಕಳು ಇಳಿಯುವುದು ನಿಂತಿಲ್ಲ. ಪ್ಲಾಸ್ಟಿಕ್ ಹಾಸಿದ ಹೊಂಡದ ಜಾರುವ ಬದಿ, ಹಿಡಿತಕ್ಕೆ ಒಂದು ಪಾವಟಿಗೆಯೂ ಇಲ್ಲದ ಕಾಲುವೆ ಹಳೆಯ ಬಾವಿಗಿಂತ ಅಪಾಯಕರ. ಮಕ್ಕಳಿಗೆ ಈಸು ಕಲಿಸುವ ಹಿರಿಯರು ಕ್ಯಾನು ಕಟ್ಟಲಿ, ಬೆಂಡು ಕಟ್ಟಲಿ, ಅಂಗಡಿಯ ಜಾಕೀಟನ್ನೇ ತೊಡಿಸಲಿ. ಕಟ್ಟನ್ನು ಸೊಂಟಕ್ಕಲ್ಲ, ಬೆನ್ನಿಗೆ ಬಿಗಿಯಲಿ, ಮೊದಲು ಸೊಂಟಮಟ್ಟದ ನೀರಿನಲ್ಲಿ ಪರೀಕ್ಷಿಸಲಿ, ದಡದಲ್ಲಿ ಹಗ್ಗ ಹಿಡಿದು ಈಜು ಬಲ್ಲ ಒಬ್ಬರಾದರೂ ನಿಂತಿರಲಿ. ಆಸರೆ ಕಟ್ಟಿಕೊಂಡ ಮಗುವನ್ನು ಹಂಗಿಸಿ ಅದನ್ನು ಬಿಚ್ಚಿಸುವ ಕೆಲಸವನ್ನು ಯಾರೂ ಮಾಡಬೇಡಿ.