ಅರ್ಜಿ ಇಲ್ಲದ ಕಾವಲುಗಾರಿಕೆ

ಅಮೆರಿಕದಲ್ಲಿ ಷೆರೀಫನ ಕೈಕೆಳಗೆ ಡೆಪ್ಯುಟಿ ಆಗಬೇಕಾದವನು ಅರ್ಜಿ ಹಾಕಬೇಕು. ಪರೀಕ್ಷೆ, ಪೂರ್ವಾಪರ ವಿಚಾರಣೆಗಳನ್ನು ದಾಟಬೇಕು. ಸಂಪಿಗೆ, ತುರುವೇಕೆರೆ, ತಿಪಟೂರಿನ ತೆಂಗಿನ ಸೀಮೆಯಲ್ಲಿ ಅಂಥದೇ ಕೆಲಸ ಮಾಡುತ್ತಿದ್ದ ತಳವಾರ ಅರ್ಜಿ ಹಾಕಿದವನಲ್ಲ, ಆ ಮನೆತನದಲ್ಲಿ ಹುಟ್ಟಿದವನು.

ರಾತ್ರಿ ಊರು ಕಾಯುವುದು, ಕಳ್ಳರ ಜಾಡು ಹಿಡಿಯುವುದು, ಪಟೇಲರ ಕರೆಯನ್ನು ಮನೆಮನೆಗೆ ಮುಟ್ಟಿಸುವುದು ಅವನ ಹೊಣೆ. ಪ್ರತಿಫಲವಾಗಿ ಒಂದಿಷ್ಟು ಇನಾಂ ಜಮೀನು, ಸುಗ್ಗಿಯಲ್ಲಿ ರೈತರು ಕೊಡುವ ಆಯ. ಮೈಸೂರು ಸಂಸ್ಥಾನದ 1908ರ ಗ್ರಾಮಾಧಿಕಾರ ಕಾಯ್ದೆ ಈ ವಂಶಪಾರಂಪರ್ಯಕ್ಕೆ ಕಾನೂನಿನ ಚೌಕಟ್ಟು ಹಾಕಿತು.

1961ರ ರದ್ದಿಯಾತಿ ಕಾಯ್ದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂದಾಗ ಪಟೇಲ, ಶಾನುಭೋಗರ ಜೊತೆ ತಳವಾರಿಕೆಯೂ ಹೋಯಿತು. ಚಾಕರಿಯ ಜಮೀನು ಸರ್ಕಾರದ ವಶವಾಗಿ, ಹಣ ಕಟ್ಟಿದ ಹಕ್ಕುದಾರರಿಗೆ ಮರುಮಂಜೂರಾಗಬೇಕಿತ್ತು. ಕಾಗದಪತ್ರದ ಬಲವಿಲ್ಲದ ಬಡವರಿಗೆ ಅದು ಸುಲಭದ ಮಾತಲ್ಲ. ಮರುಮಂಜೂರಾದ ಭೂಮಿಯನ್ನು 15 ವರ್ಷ ಪರಭಾರೆ ಮಾಡಕೂಡದೆಂದು 1978ರ ತಿದ್ದುಪಡಿ ವಿಧಿಸಬೇಕಾಯಿತು.

ಇಂದು ಕಾನ್‌ಸ್ಟೆಬಲ್ ಆಗಲು ಲಿಖಿತ ಪರೀಕ್ಷೆ, ದೇಹದ ಅಳತೆ, ಓಟ, ವೈದ್ಯಕೀಯ ತಪಾಸಣೆ, ನಡತೆಯ ವಿಚಾರಣೆ ಎಲ್ಲವೂ ಉಂಟು. ಹೊರಗಿನಿಂದ ಬಂದ ಪೇದೆಗೆ ತೋಟದ ಕಾಲುದಾರಿಗಳು ತಳವಾರನಷ್ಟು ಗೊತ್ತಿರಲಿಕ್ಕಿಲ್ಲ. ಆದರೆ ತಳವಾರನ ಮಗ ತಳವಾರನೇ ಆಗಬೇಕಿಲ್ಲ. ಅವನ ಮೊಮ್ಮಗಳು ಸಬ್‌ಇನ್‌ಸ್ಪೆಕ್ಟರ್ ಹುದ್ದೆಗೆ ಅರ್ಜಿ ಹಾಕಬಹುದು. ಒಂದು ಅರ್ಜಿ ನಮೂನೆಯ ಬೆಲೆ ಅಷ್ಟು ದೊಡ್ಡದು.