ಆಚಂದ್ರಾರ್ಕವೂ ಹನ್ನೆರಡು ವರ್ಷವೂ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಗೆ ಹೋಗಿ ಕೇದಾರೇಶ್ವರನ ಗುಡಿಯ ಬಳಿ ನಿಂತವರು ಶಾಸನದ ಕಲ್ಲುಗಳನ್ನು ನೋಡದೆ ಹಿಂದಿರುಗುವಂತಿಲ್ಲ. ಸೊರಬದ ಕಡೆಗೆ ಹೊರಳಿದರೂ ಅಷ್ಟೆ. ಕುಪ್ಪಟೂರು, ಉದ್ರಿ, ಚಂದ್ರಗುತ್ತಿ, ಹೀಗೆ ಊರೂರಿಗೂ ಬರಹದ ಕಲ್ಲುಗಳುಂಟು. ಬಿ. ಎಲ್. ರೈಸ್ ಅವರು ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು 1902ರಲ್ಲಿ ಒಂದು, 1904ರಲ್ಲಿ ಒಂದು ಸಂಪುಟವಾಗಿ ಪ್ರಕಟಿಸಿದಾಗ ಮೊದಲನೆಯದರಲ್ಲಿ ಶಿಕಾರಿಪುರವೂ ಎರಡನೆಯದರಲ್ಲಿ ಸೊರಬವೂ ಹಿರಿದಾದ ಪಾಲನ್ನು ಪಡೆದವು.

ವೀರಗಲ್ಲುಗಳನ್ನು ಬಿಟ್ಟರೆ ಈ ಶಿಲಾಲೇಖಗಳಲ್ಲಿ ಬಹಳಷ್ಟು ಭೂಮಿಯ ಪತ್ರಗಳೇ. ಯಾರು ಕೊಟ್ಟರು, ಯಾರು ಪಡೆದರು, ಎಲ್ಲೆ ಯಾವುದು, ಅಳತೆ ಎಷ್ಟು ಎಂದು ಹೇಳಿ, ಈ ದತ್ತಿ ಆಚಂದ್ರಾರ್ಕ, ಅಂದರೆ ಸೂರ್ಯಚಂದ್ರರಿರುವವರೆಗೆ ನಡೆಯತಕ್ಕದ್ದು ಎಂದು ಮುಗಿಸುತ್ತವೆ. ಅಪಹರಿಸಿದವನು ಅರವತ್ತು ಸಾವಿರ ವರ್ಷ ಕ್ರಿಮಿಯಾಗಿ ಹುಟ್ಟುವನೆಂಬ ಶಾಪವೂ ಹಲವು ಶಾಸನಗಳ ಕೊನೆಗೆ ಉಂಟು.

ಆ ಕಲ್ಲಿನ ನೆರಳಿನಲ್ಲಿಯೇ ಗದ್ದೆ ಉಳುವ ಇಂದಿನ ರೈತನ ಹಕ್ಕಿಗೆ ಇಷ್ಟು ಉದಾರವಾದ ಕಾಲವಿಲ್ಲ. 1964ನೆಯ ಜನವರಿ 1ರಿಂದ ಜಾರಿಯಲ್ಲಿರುವ, 1963ರ ಕಾಲಪರಿಮಿತಿ ಕಾಯಿದೆಯ ಪ್ರಕಾರ ಪ್ರೋನೋಟಿನ ಸಾಲಕ್ಕೆ ದಾವೆ ಹೂಡಲು ಮೂರು ವರ್ಷ. ಪರರ ಪ್ರತಿಕೂಲ ಸ್ವಾಧೀನಕ್ಕೆ ಹೋದ ಜಮೀನನ್ನು ಮರಳಿ ಪಡೆಯಲು ಹನ್ನೆರಡು ವರ್ಷ. ವಾಯಿದೆ ಮೀರಿತೆಂದು ಪ್ರತಿವಾದಿ ಹೇಳದೆ ಹೋದರೂ ನ್ಯಾಯಾಧೀಶರು ತಾವಾಗಿಯೇ ದಾವೆಯನ್ನು ವಜಾ ಮಾಡತಕ್ಕದ್ದು. ಮೇಲ್ಮನವಿ ತಡವಾದರೆ ಸಕಾರಣ ತೋರಿಸಿ ಮನ್ನಣೆ ಬೇಡಬಹುದು. ಮೂಲ ದಾವೆಗೆ ಆ ದಯೆಯೂ ಇಲ್ಲ. ಕೊನೆಯ ದಿನ ಕೋರ್ಟು ಮುಚ್ಚಿದ್ದರೆ ತೆರೆದ ದಿನ ಸಲ್ಲಿಸಬಹುದು, ಅಷ್ಟೆ.

ಇದು ಇಂಗ್ಲಿಷರು ತಂದು ಹೇರಿದ ಪದ್ಧತಿಯೆಂದು ಹಲವರು ತಿಳಿದಿದ್ದಾರೆ. ಅದು ಅರ್ಧ ಮಾತ್ರ ನಿಜ. ತನ್ನ ಭೂಮಿಯನ್ನು ಪರನು ಅನುಭವಿಸುತ್ತಿರುವುದನ್ನು ಕಣ್ಣಾರೆ ಕಂಡೂ ಬಾಯಿ ತೆರೆಯದೆ ಇದ್ದವನಿಗೆ ಇಪ್ಪತ್ತು ವರ್ಷಗಳಲ್ಲಿ ಹಾನಿಯುಂಟಾಗುತ್ತದೆ, ಇತರ ಧನಕ್ಕಾದರೆ ಹತ್ತೇ ವರ್ಷ ಎಂದು ಯಾಜ್ಞವಲ್ಕ್ಯ ಸ್ಮೃತಿಯೇ ವಿಧಿಸಿದೆ. ಹಾನಿ ಯಾವುದಕ್ಕೆ? ಭೂಮಿಗೋ, ದೂರು ಕೊಡುವ ಅವಕಾಶಕ್ಕೋ? ಈ ಪ್ರಶ್ನೆಯನ್ನು ಎತ್ತಿಕೊಂಡವನು ವಿಜ್ಞಾನೇಶ್ವರ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಆಳುತ್ತಿದ್ದಾಗ ಅವನ ಆಶ್ರಯದಲ್ಲಿ ಈ ಪಂಡಿತನು ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಅದೇ ಚಕ್ರವರ್ತಿಯ ಚಾಲುಕ್ಯ ವಿಕ್ರಮ ಶಕೆಯ ವರ್ಷಗಳನ್ನು ಎಣಿಸಿ ಬಳ್ಳಿಗಾವೆಯಲ್ಲಿ ಕಲ್ಲುಗಳನ್ನು ಬರೆಸುತ್ತಿದ್ದರು. ಒಂದೇ ರಾಜ್ಯದಲ್ಲಿ, ಒಂದೇ ಕಾಲದಲ್ಲಿ, ಬನವಾಸಿ ನಾಡಿನ ಕಲ್ಲುಕುಟಿಗನು ಆಚಂದ್ರಾರ್ಕವೆಂದು ಕೆತ್ತುತ್ತಿದ್ದಾಗ ರಾಜಧಾನಿಯ ಪಂಡಿತನು ಇಪ್ಪತ್ತು ವರ್ಷದ ಮೌನಕ್ಕೆ ಬೆಲೆಯೇನೆಂದು ಲೆಕ್ಕ ಹಾಕುತ್ತಿದ್ದನು.

ವಿಜ್ಞಾನೇಶ್ವರನ ವಾದ ಇಂದಿನ ವಕೀಲರೂ ತಲೆದೂಗುವಂಥದು. ದಾನದಿಂದ, ವಿಕ್ರಯದಿಂದ ಒಡೆತನ ಹೋಗುವುದುಂಟು. ಸುಮ್ಮನಿದ್ದ ಮಾತ್ರಕ್ಕೆ ಹೋಗುವುದೆಂದು ಎಲ್ಲಿಯೂ ಹೇಳಿಲ್ಲ. ಅನುಭವವು ಒಡೆತನಕ್ಕೆ ಸಾಕ್ಷಿಯೇ ಹೊರತು ಅದರ ತಾಯಿಯಲ್ಲ. ಆದ್ದರಿಂದ ಭೂಮಿ ಹೋಗದು, ವ್ಯವಹಾರ ಹೂಡುವ ಹಕ್ಕೂ ಹೋಗದು. ಸುಮ್ಮನಿದ್ದಷ್ಟು ಕಾಲದ ಫಲ, ಅಂದರೆ ಬೆಳೆದು ಉಂಡ ಧಾನ್ಯ ಮಾತ್ರ ಹೋಯಿತು. ಮೂಲಪತ್ರವಿಲ್ಲದ ಅನುಭವ ತಾನಾಗಿಯೇ ನಿಲ್ಲಬೇಕಾದರೆ ಅದು ಮನುಷ್ಯರ ನೆನಪನ್ನು ಮೀರಿದ್ದಾಗಿರಬೇಕು. ನೆನಪಿನ ಕಾಲವೆಂದರೆ ನೂರು ವರ್ಷ. ಸ್ಮೃತಿಕಾರನು ಬರೆದುದನ್ನು ವ್ಯಾಖ್ಯಾನಕಾರನು ಜಗ್ಗಿ ಹಿಗ್ಗಿಸಿದನೆಂದು ಆಕ್ಷೇಪಿಸಬಹುದು. ಆದರೆ ನೆಲ ಕಳೆದುಕೊಳ್ಳುವವನ ಪಕ್ಷದಲ್ಲಿ ನಿಂತು ಹಿಗ್ಗಿಸಿದನೆಂಬುದನ್ನು ನಾನು ಮರೆಯಲಾರೆ.

ಇಪ್ಪತ್ತು ವರ್ಷದ ನಿಯಮಕ್ಕೆ ಸ್ಮೃತಿಯೇ ಅಪವಾದಗಳನ್ನೂ ಹೇಳಿದೆ: ಅಡವಿಟ್ಟದ್ದು, ಎಲ್ಲೆಗೆ ಸೇರಿದ್ದು, ನಂಬಿ ಇಟ್ಟದ್ದು, ಬುದ್ಧಿ ಬೆಳೆಯದವರದು, ಮಕ್ಕಳದು, ರಾಜನದು, ಹೆಂಗಸರದು, ಶ್ರೋತ್ರಿಯರದು. ಇವುಗಳಲ್ಲಿ ಕೆಲವು ಇಂದಿಗೂ ಉಳಿದಿವೆ. ಅಪ್ರಾಪ್ತ ವಯಸ್ಕರಿಗೂ ಬುದ್ಧಿಭ್ರಮಣೆಯಾದವರಿಗೂ ಕಾಯಿದೆ ವಿನಾಯಿತಿ ಕೊಡುತ್ತದೆ. ಅಡಮಾನ ಬಿಡಿಸಿಕೊಳ್ಳಲು 1908ರ ಕಾಯಿದೆಯಲ್ಲಿ ಅರವತ್ತು ವರ್ಷವಿತ್ತು, ಈಗ ಮೂವತ್ತು. ರಾಜನ ಬದಲಿಗೆ ಬಂದ ಸರ್ಕಾರಕ್ಕೂ ಮೂವತ್ತು ವರ್ಷ. ಹೆಂಗಸರನ್ನೂ ಶ್ರೋತ್ರಿಯರನ್ನೂ ಪಟ್ಟಿಯಿಂದ ತೆಗೆದರು. ಶ್ರೋತ್ರಿಯರ ಚಿಂತೆ ಬೇಡ. ಪತ್ರವ್ಯವಹಾರವೆಲ್ಲ ಗಂಡಸರ ಕೈಯಲ್ಲಿದ್ದ ಮನೆಗಳಲ್ಲಿ ವಿಧವೆಯರ ಪಾಡೇನಾಯಿತೆಂದು ಯಾರಾದರೂ ಬರೆಯಬೇಕಾಗಿದೆ.

ಬ್ರಿಟಿಷ್ ಇಂಡಿಯಾಕ್ಕೆಲ್ಲ ಒಂದೇ ಕಾಲಪರಿಮಿತಿಯನ್ನು ತಂದುದು 1859ರ ಕಾಯಿದೆ. ಅದು ದಾವೆಯ ಬಾಗಿಲನ್ನು ಮುಚ್ಚಿತು. 1871ರ ಕಾಯಿದೆ ಇನ್ನೂ ಮುಂದೆ ಹೋಗಿ, ಅವಧಿ ಮುಗಿದೊಡನೆ ಭೂಮಿಯ ಮೇಲಣ ಹಕ್ಕೇ ನಂದಿಹೋಗುವುದೆಂದು ಸಾರಿತು. ವಿಜ್ಞಾನೇಶ್ವರನು ಕೂಡದೆಂದುದೇ ಶಾಸನವಾಯಿತು. 1877ರಲ್ಲಿ, 1908ರಲ್ಲಿ ಮತ್ತೆ ತಿದ್ದಿ ಬರೆದರೂ ಈ ತತ್ತ್ವ ಬದಲಾಗಲಿಲ್ಲ. ಮೈಸೂರು ಸಂಸ್ಥಾನವೂ ಅದೇ ಅಚ್ಚಿನ ಕಾಯಿದೆಯನ್ನು ಮಾಡಿಕೊಂಡಿತು.

ಸಾಲಗಾರನಿಗೆ ಮೂರು ವರ್ಷದ ವಾಯಿದೆ ಒಂದು ಆಸರೆಯೆಂದು ಕಾಯಿದೆ ಮಾಡಿದವರು ಭಾವಿಸಿದ್ದಿರಬೇಕು. ನಡೆದುದು ಬೇರೆ. ಅವಧಿ ಮುಗಿಯುವ ಮುನ್ನ ಸಾಲ ಒಪ್ಪಿ ರುಜು ಹಾಕಿದರೆ ಲೆಕ್ಕ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಹೀಗಾಗಿ ಮೂರು ವರ್ಷ ತುಂಬುವ ಮೊದಲೇ ಸಾಹುಕಾರನು ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಬರೆಸಿಕೊಳ್ಳತೊಡಗಿದನು. 1875ರಲ್ಲಿ ಪುಣೆ, ಅಹಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟಾಗ, ಆ ದಂಗೆಯ ಕಾರಣಗಳಲ್ಲಿ ಈ ವಾಯಿದೆಯೂ ಒಂದೆಂದು ವಿಚಾರಣೆಯಲ್ಲಿ ಹೊರಬಂತು. 1879ರ ದಖ್ಖನ್ ಕೃಷಿಕರ ಕಾಯಿದೆ ರೈತರ ಸಾಲಗಳ ವಾಯಿದೆಯನ್ನೇ ಉದ್ದ ಮಾಡಿತು.

ನಮ್ಮ ಸೀಮೆಯಲ್ಲಿ ಹೆಚ್ಚು ಕಾಡಿದ್ದು ಗೇಣಿಯ ಪ್ರಶ್ನೆ. ಪರರ ನೆಲವನ್ನು ಬಲದಿಂದ ಹಿಡಿದು ಇದು ತನ್ನದೆಂದು ಹನ್ನೆರಡು ವರ್ಷ ಬಹಿರಂಗವಾಗಿ ಉತ್ತವನಿಗೆ ಕಾಲ ಒಲಿಯುತ್ತಿತ್ತು. ಅಜ್ಜನ ಕಾಲದಿಂದ ಕೊಳಗದಲ್ಲಿ ಭತ್ತ ಅಳೆದು ಧಣಿಯ ಮನೆಗೆ ಹಾಕುತ್ತ ಬಂದವನಿಗೆ ಒಲಿಯುತ್ತಿರಲಿಲ್ಲ. ಧಣಿಯ ಒಪ್ಪಿಗೆಯಿಂದ ಇದ್ದವನ ಸ್ವಾಧೀನ ಎಷ್ಟು ತಲೆಮಾರು ಕಳೆದರೂ ಧಣಿಯ ಸ್ವಾಧೀನವೇ. ಪ್ರಾಮಾಣಿಕವಾಗಿ ಕೊಟ್ಟ ಪ್ರತಿಯೊಂದು ಗೇಣಿಯೂ ಅವನಿಗೆದುರಾದ ಸಾಕ್ಷಿಯಾಗುತ್ತಿತ್ತು. ಸೊರಬಕ್ಕೆ ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತಾಗ ಜಗಳ ಹೊತ್ತಿದ್ದು ಆ ಕೊಳಗದ ಅಳತೆಯಿಂದಲೇ.

ಕಡೆಗೆ ಈ ಗಂಟನ್ನು ಬಿಚ್ಚಿದ್ದು ಭೂಸುಧಾರಣೆ. ತಿದ್ದುಪಡಿಯಾದ ಕಾಯಿದೆಯಂತೆ 1974ರ ಮಾರ್ಚಿ 1ರಂದು ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು. ಉಳುವವನು ಏಳನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು ಭೂನ್ಯಾಯಮಂಡಳಿಯಿಂದ ಅಧಿಭೋಗದ ಹಕ್ಕು ಪಡೆಯಬೇಕಾಗಿತ್ತು. ಅದಕ್ಕೂ ಒಂದು ವಾಯಿದೆ. ಮುಂದೂಡಿ ಮುಂದೂಡಿ 1979ರ ಜೂನ್ 30 ಕೊನೆಯ ದಿನವೆಂದು ನಿಂತಿತು. ಓದು ಬಾರದವನು, ಧಣಿಯ ಹಂಗಿನಲ್ಲಿದ್ದವನು, ಅರ್ಜಿ ಹಾಕಿದರೆ ಮನೆಯ ಜಾಗವೂ ಹೋದೀತೆಂದು ಹೆದರಿದವನು ಅಂದು ಸುಮ್ಮನಿದ್ದನು. ಕಂಡೂ ಬಾಯಿ ತೆರೆಯದವನೆಂದು ಸ್ಮೃತಿ ಹೇಳಿದುದು ಇಂಥವನನ್ನಲ್ಲ. ಆದರೆ ಜೂನ್ 30ರ ಲೆಕ್ಕದಲ್ಲಿ ಇಬ್ಬರ ಮೌನವೂ ಒಂದೇ. ತಡವಾದ ಅರ್ಜಿಯನ್ನು ಮನ್ನಿಸುವ ಅಧಿಕಾರ ಮಂಡಳಿಗೆ ಇರಲಿಲ್ಲ.

ಹತ್ತೊಂಬತ್ತು ವರ್ಷಗಳ ತರುವಾಯ, 1998ರಲ್ಲಿ, ಹೀಗೆ ತಪ್ಪಿಹೋದ ಸಣ್ಣ ಹಿಡುವಳಿಯ ಗೇಣಿದಾರರಿಗೆಂದು 7ಎ ಎಂಬ ಹೊಸ ನಮೂನೆಯನ್ನು ಸರ್ಕಾರ ತಂದಿತು. ಅಷ್ಟರಲ್ಲಿ ಅಂದು ಸುಮ್ಮನಿದ್ದವರಲ್ಲಿ ಅನೇಕರು ತೀರಿಕೊಂಡಿದ್ದರು. ಅರ್ಜಿಗೆ ಹೆಬ್ಬೆಟ್ಟು ಒತ್ತಲೋ ರುಜು ಹಾಕಲೋ ಅವರ ಮಕ್ಕಳು ಬಂದರು.