ಮೂವತ್ತೊಂದು ಪದಗಳ ಪ್ರತಿಜ್ಞೆ

ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳನ್ನು ಓದಿಸುತ್ತಿರುವ ಕನ್ನಡಿಗರಿಗೆಲ್ಲ ‘ಪ್ಲೆಜ್ ಆಫ್ ಅಲೀಜಿಯನ್ಸ್’ ಪರಿಚಿತವೇ. ಬೆಳಗ್ಗೆ ಪಾಠ ಶುರುವಾಗುವ ಮುನ್ನ ಮಕ್ಕಳು ಎದ್ದು ನಿಂತು, ಬಲಗೈಯನ್ನು ಎದೆಯ ಮೇಲಿಟ್ಟುಕೊಂಡು, ಬಾವುಟದ ಕಡೆ ಮುಖ ಮಾಡಿ ಹೇಳುವ ಈ ನಿಷ್ಠಾಪ್ರತಿಜ್ಞೆ ಇಂಗ್ಲಿಷಿನಲ್ಲಿ ಮೂವತ್ತೊಂದೇ ಪದಗಳದ್ದು. ಒಂದು ದಿನ ರಾತ್ರಿ ಊಟದ ಹೊತ್ತಿಗೆ ನಮ್ಮ ಮಗಳು ಕೇಳಿದಳು: “ನಮ್ಮ ಕ್ಲಾಸಿನಲ್ಲಿ ಒಬ್ಬ ಹುಡುಗ ಪ್ಲೆಜ್ ಹೇಳೋದೇ ಇಲ್ಲ, ಸುಮ್ಮನೆ ಕೂತಿರ್ತಾನೆ. ಅವನಿಗೆ ಈ ದೇಶ ಕಂಡ್ರೆ ಇಷ್ಟ ಇಲ್ವಾ? ಅದರಲ್ಲಿ ಬರೋ ‘ಗಾಡ್’ ಅಂದ್ರೆ ನಮ್ಮ ದೇವರಾ?”

ನಾವು ಥಟ್ಟನೆ ಕೊಟ್ಟ ಉತ್ತರ, “ಅವನ ಉಸಾಬರಿ ನಮಗೆ ಬೇಡ. ನೀನು ಮಾತ್ರ ಗಟ್ಟಿಯಾಗಿ ಹೇಳು” ಎಂಬುದು. ಹೇಳಿದ ಮೇಲೆ ನಮಗೇ ಸಂಕೋಚವಾಯಿತು. ಎಂ.ಬಿ.ಬಿ.ಎಸ್. ಓದಿ, ಇಲ್ಲಿ ರೆಸಿಡೆನ್ಸಿ ಮುಗಿಸಿ, ಪೌರತ್ವದ ಪರೀಕ್ಷೆಯನ್ನೂ ಪಾಸು ಮಾಡಿದ ನಮ್ಮಿಬ್ಬರಿಗೂ ಆ ಪ್ರತಿಜ್ಞೆಯ ಹುಟ್ಟು ಗೊತ್ತಿರಲಿಲ್ಲ. ಆಸ್ಪತ್ರೆಯ ಕೆಲಸದ ನಡುವಿನ ಬಿಡುವಿನಲ್ಲಿ ಓದಿ ತಿಳಿದುಕೊಂಡದ್ದನ್ನು ಈ ಸ್ಮರಣ ಸಂಚಿಕೆಯ ಓದುಗರೊಡನೆ ಹಂಚಿಕೊಳ್ಳುತ್ತಿದ್ದೇವೆ.

ಪ್ರತಿಜ್ಞೆ ಮೊದಲು ಅಚ್ಚಾದದ್ದು 1892ರ ಸೆಪ್ಟೆಂಬರಿನಲ್ಲಿ, ‘ದಿ ಯೂತ್ಸ್ ಕಂಪ್ಯಾನಿಯನ್’ ಎಂಬ ಪತ್ರಿಕೆಯಲ್ಲಿ. ಕೊಲಂಬಸ್ ಅಮೆರಿಕಕ್ಕೆ ಬಂದ ನಾನೂರನೆಯ ವರ್ಷದ ಶಾಲಾ ಸಮಾರಂಭಗಳಿಗಾಗಿ ಅದನ್ನು ಬರೆದವರು ಫ್ರಾನ್ಸಿಸ್ ಬೆಲ್ಲಮಿ. ಆತ ಬ್ಯಾಪ್ಟಿಸ್ಟ್ ಪಾದ್ರಿ, ಜೊತೆಗೆ ಸಮಾಜವಾದಿ. ಪಾದ್ರಿಯೇ ಬರೆದ ಆ ಪ್ರತಿಜ್ಞೆಯಲ್ಲಿ ದೇವರ ಹೆಸರು ಇರಲಿಲ್ಲ! ‘ನನ್ನ ಬಾವುಟಕ್ಕೆ’ ಎಂದಷ್ಟೇ ಇತ್ತು. 1923 ಮತ್ತು 1924ರಲ್ಲಿ ಅದನ್ನು ತಿದ್ದಿ ‘ಅಮೆರಿಕ ಸಂಯುಕ್ತ ಸಂಸ್ಥಾನಗಳ ಬಾವುಟಕ್ಕೆ’ ಎಂದು ಮಾಡಿದರು. ವಲಸೆ ಬಂದವರು ‘ನನ್ನ ಬಾವುಟ’ ಎನ್ನುವಾಗ ಮನಸ್ಸಿನಲ್ಲಿ ಹುಟ್ಟಿದ ದೇಶದ ಬಾವುಟವನ್ನು ನೆನೆದಾರು ಎಂಬ ಶಂಕೆ ಇದಕ್ಕೆ ಕಾರಣ. ಅಂದರೆ ಪ್ರತಿಜ್ಞೆಯ ಮೊದಲ ತಿದ್ದುಪಡಿಯೇ ನಮ್ಮಂಥವರನ್ನು ಕುರಿತದ್ದು.

1935ರಲ್ಲಿ ಪೆನ್ಸಿಲ್ವೇನಿಯದ ಮೈನರ್ಸ್‌ವಿಲ್ ಎಂಬ ಕಲ್ಲಿದ್ದಲ ಗಣಿಗಳ ಊರಿನಲ್ಲಿ ಹನ್ನೆರಡು ವರ್ಷದ ಲಿಲಿಯನ್ ಗೊಬೈಟಸ್ ಮತ್ತು ಆಕೆಯ ತಮ್ಮ, ಹತ್ತು ವರ್ಷದ ವಿಲಿಯಂ ಬಾವುಟಕ್ಕೆ ವಂದಿಸಲು ಒಪ್ಪಲಿಲ್ಲ. ಅವರದು ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಥ. ಬಾವುಟಕ್ಕೆ ವಂದಿಸುವುದು ವಿಗ್ರಹಾರಾಧನೆಗೆ ಸಮಾನವೆಂದು ಅವರ ನಂಬಿಕೆ. ಮಕ್ಕಳನ್ನು ಶಾಲೆಯಿಂದ ಹೊರಗೆ ಹಾಕಿದರು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1940ರ ಜೂನ್ 3ರಂದು ಎಂಟು ನ್ಯಾಯಾಧೀಶರು ಶಾಲೆಯ ಪರವಾಗಿ ನಿಂತರು. ಮಕ್ಕಳ ಪರವಾಗಿ ಬರೆದವರು ಹಾರ್ಲನ್ ಸ್ಟೋನ್ ಒಬ್ಬರೇ.

ಬಹುಮತದ ತೀರ್ಪನ್ನು ಬರೆದವರು ಫೆಲಿಕ್ಸ್ ಫ್ರಾಂಕ್‌ಫರ್ಟರ್. ಅವರು ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ. ಹನ್ನೆರಡನೆಯ ವಯಸ್ಸಿನಲ್ಲಿ, ಇಂಗ್ಲಿಷಿನ ಗಂಧವಿಲ್ಲದೆ ನ್ಯೂಯಾರ್ಕಿಗೆ ಬಂದಿಳಿದು, ಈ ದೇಶದ ಅತ್ಯುನ್ನತ ನ್ಯಾಯಪೀಠವನ್ನೇರಿದವರು. ದೇಶದ ಭದ್ರತೆಗೆ ಏಕತೆಯೇ ಬುನಾದಿ, ಆ ಏಕತೆಗೆ ಬಾವುಟವೇ ಕುರುಹು ಎಂದು ಅವರ ವಾದ. ಇದನ್ನು ಓದುವಾಗ ನಮಗೆ ಆ ರಾತ್ರಿಯ ನಮ್ಮ ಉತ್ತರವೇ ನೆನಪಾಯಿತು. ಆಶ್ರಯ ಕೊಟ್ಟ ನಾಡಿನ ಮೇಲಿನ ಕೃತಜ್ಞತೆ ದೊಡ್ಡ ಗುಣ. ಆದರೆ ಅದೇ ಗುಣ ಕೆಲವೊಮ್ಮೆ ಪಕ್ಕದವನ ಮೌನವನ್ನು ಸಹಿಸದಂತೆ ಮಾಡಿಬಿಡುತ್ತದೆಯೇನೋ.

ತೀರ್ಪಿನ ಬೆನ್ನಿಗೇ ಆ ಪಂಥದವರ ಮೇಲೆ ದೇಶದ ಹಲವೆಡೆ ಹಲ್ಲೆಗಳಾದವು. ಮೇಯ್ನ್ ರಾಜ್ಯದ ಕೆನೆಬಂಕಿನಲ್ಲಿ ಅವರ ಪ್ರಾರ್ಥನಾ ಮಂದಿರಕ್ಕೆ ಬೆಂಕಿ ಇಟ್ಟರು. ಮೂರೇ ವರ್ಷಗಳಲ್ಲಿ ಕೋರ್ಟು ತನ್ನ ತಪ್ಪನ್ನು ತಿದ್ದಿಕೊಂಡಿತು. 1943ರ ಜೂನ್ 14, ಧ್ವಜದಿನ. ವೆಸ್ಟ್ ವರ್ಜೀನಿಯದ ಬಾರ್ನೆಟ್ ಮೊಕದ್ದಮೆಯಲ್ಲಿ ಆರು-ಮೂರರ ಬಹುಮತದಿಂದ, ಯಾವ ಮಗುವನ್ನೂ ಪ್ರತಿಜ್ಞೆಗೆ ಬಲವಂತಪಡಿಸಕೂಡದೆಂದು ತೀರ್ಪಾಯಿತು. ರಾಜಕೀಯ, ರಾಷ್ಟ್ರೀಯತೆ, ಧರ್ಮ ಇವುಗಳಲ್ಲಿ ಯಾವುದು ಸರಿಯೆಂದು ವಿಧಿಸಿ, ಅದನ್ನು ಪ್ರಜೆಗಳ ಬಾಯಲ್ಲಿ ಹೇಳಿಸುವ ಅಧಿಕಾರ ಯಾವ ಅಧಿಕಾರಿಗೂ ಇಲ್ಲವೆಂದು ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಬರೆದರು. ಎರಡನೆಯ ಮಹಾಯುದ್ಧ ಉರಿಯುತ್ತಿದ್ದಾಗಲೇ ಇಂಥ ತೀರ್ಪು ಬಂತೆಂಬುದನ್ನು ಗಮನಿಸಬೇಕು. ಫ್ರಾಂಕ್‌ಫರ್ಟರ್ ಮಾತ್ರ ಆಗಲೂ ತಮ್ಮ ನಿಲುವನ್ನು ಬಿಡಲಿಲ್ಲ.

ಹಾಗಾದರೆ ದೇವರು ಬಂದದ್ದು ಯಾವಾಗ? 1954ರಲ್ಲಿ. ಸೋವಿಯೆತ್ ಒಕ್ಕೂಟದೊಡನೆ ಶೀತಲ ಸಮರ ನಡೆಯುತ್ತಿದ್ದ ಕಾಲ. ‘ನೈಟ್ಸ್ ಆಫ್ ಕೊಲಂಬಸ್’ ಎಂಬ ಕ್ಯಾಥೊಲಿಕ್ ಸಂಸ್ಥೆ ಆಗಲೇ ಒತ್ತಾಯ ಹೂಡಿತ್ತು. ಆ ವರ್ಷದ ಫೆಬ್ರವರಿ 7ರಂದು ವಾಷಿಂಗ್ಟನ್ನಿನ ಇಗರ್ಜಿಯೊಂದರಲ್ಲಿ ಪಾದ್ರಿ ಜಾರ್ಜ್ ಡಾಕರ್ಟಿ, ಈ ಪ್ರತಿಜ್ಞೆಯನ್ನು ಮಾಸ್ಕೋದ ಮಕ್ಕಳೂ ತಮ್ಮ ಬಾವುಟಕ್ಕೆ ಹೇಳಬಹುದಲ್ಲ, ಅಮೆರಿಕದ ವೈಶಿಷ್ಟ್ಯ ಇದರಲ್ಲೇನಿದೆ ಎಂಬರ್ಥದ ಉಪದೇಶ ಮಾಡಿದರು. ಅಂದು ಅಧ್ಯಕ್ಷ ಐಸೆನ್‌ಹೋವರ್ ಅಲ್ಲೇ ಕುಳಿತಿದ್ದರು. ಜೂನ್ 14ರಂದು ಅವರ ಅಂಕಿತದೊಂದಿಗೆ ‘ಅಂಡರ್ ಗಾಡ್’ ಎಂಬ ಎರಡು ಪದಗಳು ಸೇರಿದವು. ಡಾಕರ್ಟಿ ಕೂಡ ಸ್ಕಾಟ್ಲೆಂಡಿನಿಂದ ವಲಸೆ ಬಂದವರೇ!

ಈ ಎರಡು ಪದಗಳನ್ನು ಪ್ರಶ್ನಿಸಿದವರಲ್ಲಿ ಪ್ರಸಿದ್ಧರು ನಮ್ಮ ವೃತ್ತಿಬಾಂಧವರೊಬ್ಬರು, ಕ್ಯಾಲಿಫೋರ್ನಿಯದ ಮೈಕೆಲ್ ನ್ಯೂಡೌ. ತುರ್ತು ಚಿಕಿತ್ಸೆಯ ವೈದ್ಯರಾಗಿದ್ದ ಈ ನಾಸ್ತಿಕರು ಕಾನೂನನ್ನೂ ಓದಿದ್ದರು. ಮಗಳ ಶಾಲೆಯ ವಿಷಯವಾಗಿ ಹೂಡಿದ ದಾವೆಯಲ್ಲಿ 2002ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಗೆದ್ದರು. ಸುಪ್ರೀಂ ಕೋರ್ಟಿನಲ್ಲಿ ತಾವೇ ವಾದಿಸಿದರು. ಆದರೆ ಮಗಳ ಪಾಲನೆಯ ನಿರ್ಧಾರಗಳಲ್ಲಿ ತಾಯಿಯ ಮಾತೇ ಅಂತಿಮವಾದ್ದರಿಂದ, ದಾವೆ ಹೂಡುವ ಹಕ್ಕು ಅವರಿಗಿಲ್ಲವೆಂದು 2004ರ ಜೂನ್ 14ರಂದು ಕೋರ್ಟು ಮೂಲ ಪ್ರಶ್ನೆಯನ್ನು ಮುಟ್ಟದೆಯೇ ಮುಗಿಸಿತು. 2010ರಲ್ಲಿ ಇನ್ನೊಂದು ದಾವೆಯಲ್ಲಿ ಅದೇ ಮೇಲ್ಮನವಿ ನ್ಯಾಯಾಲಯ ಆ ಪದಗಳು ಸಂವಿಧಾನಕ್ಕೆ ವಿರುದ್ಧವಲ್ಲವೆಂದಿತು. ಹೀಗೆ ದೇವರ ಹೆಸರು ಉಳಿದಿದೆ, ಬಲವಂತ ಉಳಿದಿಲ್ಲ. ಟೆಕ್ಸಸ್, ಫ್ಲಾರಿಡಗಳ ಕಾನೂನಿನಲ್ಲಿ ಮಾತ್ರ ವಿನಾಯಿತಿಗೆ ತಂದೆ ತಾಯಿಯರ ಪತ್ರ ಬೇಕೆಂದಿದೆ.

ನಮ್ಮ ತಾಯ್ನಾಡಿಗೂ ಈ ಪ್ರಶ್ನೆ ಹೊಸದಲ್ಲ. ಭಾರತದ ಸಂವಿಧಾನದ ಪ್ರಸ್ತಾವನೆಯನ್ನು ದೇವರ ಹೆಸರಿನಿಂದ ಆರಂಭಿಸಬೇಕೆಂದು 1949ರ ಅಕ್ಟೋಬರ್ 17ರಂದು ಸೂಚಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತರು. ಸೂಚನೆ 41-68 ಮತಗಳಿಂದ ಬಿದ್ದುಹೋಯಿತು. ಚಿಕ್ಕಂದಿನಲ್ಲಿ ನಾವೆಲ್ಲ ಹೇಳಿದ ಭಾರತದ ಪ್ರತಿಜ್ಞೆಯನ್ನು 1962ರಲ್ಲಿ ತೆಲುಗಿನಲ್ಲಿ ಬರೆದವರು ಪೈಡಿಮರ್ರಿ ವೆಂಕಟ ಸುಬ್ಬರಾವ್. ಅದರಲ್ಲಿ ಸೋದರ ಸೋದರಿಯರಿದ್ದಾರೆ, ತಂದೆ ತಾಯಿ, ಗುರುಹಿರಿಯರಿದ್ದಾರೆ, ದೇವರ ಹೆಸರಿಲ್ಲ.

1985ರಲ್ಲಿ ಕೇರಳದಲ್ಲಿ ಅದೇ ಪಂಥದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ಹಾಡಲಿಲ್ಲವೆಂದು ಶಾಲೆಯಿಂದ ಹೊರಬಿದ್ದರು. 1986ರ ಆಗಸ್ಟ್ 11ರಂದು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರು ಅಮೆರಿಕದ ಆ ಎರಡು ತೀರ್ಪುಗಳನ್ನೂ ಪರಿಶೀಲಿಸಿ, ಮಕ್ಕಳನ್ನು ಶಾಲೆಗೆ ಮತ್ತೆ ಸೇರಿಸಿಕೊಳ್ಳಬೇಕೆಂದು ತೀರ್ಪಿತ್ತರು. ಸಹನೆಯೇ ನಮ್ಮ ಪರಂಪರೆ, ಅದನ್ನು ತೆಳುವಾಗಿಸಬಾರದು ಎಂಬುದು ಅವರ ಕಿವಿಮಾತು.

ಪೌರತ್ವ ಪಡೆದ ದಿನ ನಾವೂ ದೇವರ ಹೆಸರಿನಲ್ಲೇ ಪ್ರಮಾಣ ಮಾಡಿದೆವು. ಬೇಡವಾದವರು ಆ ಪದಗಳನ್ನು ಬಿಡಬಹುದೆಂಬ ನಿಯಮವಿರುವುದು ಆಗ ತಿಳಿದಿರಲಿಲ್ಲ. ತಿಳಿದಿದ್ದರೂ ಹೇಳುತ್ತಿದ್ದೆವು, ನಮಗೆ ಅದು ಸುಳ್ಳಾಗಿರಲಿಲ್ಲ. ಆದರೆ ಬಿಡಬಹುದೆಂದು ತಿಳಿದು ಹೇಳಿದ್ದರೆ ಆ ಮಾತಿನ ತೂಕವೇ ಬೇರೆ ಇರುತ್ತಿತ್ತು.

ಮಗಳನ್ನು ಮತ್ತೆ ಕೂರಿಸಿಕೊಂಡು ಮೊದಲ ಉತ್ತರವನ್ನು ಹಿಂತೆಗೆದುಕೊಂಡೆವು. ಲಿಲಿಯನ್ ಮತ್ತು ವಿಲಿಯಂ ಕಥೆ ಹೇಳಿದೆವು. “ಗಾಡ್ ಅಂದಾಗ ನಿನಗೆ ನಮ್ಮ ಮನೆದೇವರು ನೆನಪಾದರೂ ತಪ್ಪಿಲ್ಲ. ಹೇಳುವುದು ನಿನ್ನ ಹಕ್ಕು, ಸುಮ್ಮನಿರುವುದು ಅವನ ಹಕ್ಕು. ಅವನಿಗೆ ದೇಶ ಇಷ್ಟವಿಲ್ಲ ಅಂತ ಯಾರಾದರೂ ಅಂದರೆ ನೀನು ಅವನ ಪರವಾಗಿ ಮಾತಾಡು” ಎಂದೆವು. ಅವಳು ಈಗಲೂ ಪ್ರತಿಜ್ಞೆ ಹೇಳುತ್ತಾಳೆ.

ನಮ್ಮ ಸಂಘದ ಸಮಾರಂಭಗಳಲ್ಲಿ ಎರಡೂ ದೇಶಗಳ ರಾಷ್ಟ್ರಗೀತೆಗಳನ್ನು, ಅನಂತರ ನಾಡಗೀತೆಯನ್ನು ಹಾಡುವುದು ವಾಡಿಕೆ. ಯಾರು ಹಾಡಿದರು, ಯಾರು ಸುಮ್ಮನೆ ನಿಂತರು ಎಂದು ಇಲ್ಲಿ ಯಾರೂ ಲೆಕ್ಕವಿಟ್ಟಿಲ್ಲ. ಈ ವಾರ್ಷಿಕೋತ್ಸವದ ಬಳಿಕವೂ ಆ ಒಳ್ಳೆಯ ವಾಡಿಕೆ ಹೀಗೆಯೇ ಮುಂದುವರಿಯಲಿ ಎಂಬುದು ನಮ್ಮ ಹಾರೈಕೆ.